ಬೇಸಿಗೆ ಸಂಗೀತ ಶಾಲೆಯನ್ನು ನಿಜವಾಗಿ ನಡೆಸುವವರು ಯಾರು?

ಕಚೇರಿ ಸಹಾಯಕಿ (ಚರ್ಚೆ ಆರಂಭಿಸಿದವರು)

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದು ಬೇಸಿಗೆ ಶಾಲೆಯ ಕಚೇರಿಯಲ್ಲಿ ನಾನು ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಆರು ವಾರಗಳ ಶಾಲೆ, ಎಂಬತ್ತು ಚಿಲ್ಲರೆ ವಿದ್ಯಾರ್ಥಿಗಳು. ತಂತಿವಾದ್ಯ ಮತ್ತು ಪಿಯಾನೊ ಮಾತ್ರ. ಇದನ್ನು ಇಪ್ಪತ್ತೆರಡು ವರ್ಷ ನಡೆಸಿಕೊಂಡು ಬಂದ ವ್ಯವಸ್ಥಾಪಕಿಯವರು ಈ ಬಾರಿ ನಿವೃತ್ತರಾಗುತ್ತಿದ್ದಾರೆ. ಅವರ ಹುದ್ದೆಯನ್ನೇ ತೆಗೆದುಹಾಕಿ, ಉಳಿಯುವ ಸಂಬಳದಲ್ಲಿ ಹೆಸರಾಂತ ವಾದಕರೊಬ್ಬರನ್ನು ಕಲಾ ನಿರ್ದೇಶಕರನ್ನಾಗಿ ಕರೆತರಬೇಕೆಂಬುದು ಆಡಳಿತ ಮಂಡಳಿಯ ಯೋಚನೆ. ಆ ವಾದಕರು ಆರು ವಾರಗಳಲ್ಲಿ ಹತ್ತು ದಿನ ನಮ್ಮೊಡನೆ ಇರುತ್ತಾರಂತೆ. ಉಳಿದದ್ದನ್ನು “ಕಚೇರಿ ನೋಡಿಕೊಳ್ಳುತ್ತದೆ” ಎಂದು ಸಭೆಯಲ್ಲಿ ಸದಸ್ಯರೊಬ್ಬರು ಹೇಳಿದರು. ಕಚೇರಿ ಎಂದರೆ ನಾನು ಮತ್ತು ಆಗಾಗ ಹಾಳೆ ಕಚ್ಚಿಕೊಳ್ಳುವ ಒಂದು ಜೆರಾಕ್ಸ್ ಯಂತ್ರ.

ಅಭಿಪ್ರಾಯವನ್ನು ಬರಹದಲ್ಲಿ ಕೊಡಬೇಕೆಂದು ಸಿಬ್ಬಂದಿಯನ್ನು ಕೇಳಿದ್ದಾರೆ. ವ್ಯವಸ್ಥಾಪಕರಿಲ್ಲದೆ ಶಾಲೆ ನಡೆಯದು ಎಂದು ಬರೆಯಲು ಕುಳಿತರೆ, ನನ್ನ ಕೆಲಸ ಉಳಿಸಿಕೊಳ್ಳಲು ಬರೆದಂತೆ ಕಾಣುತ್ತಿದೆ. ಇಂತಹ ಶಾಲೆಗಳನ್ನು ಕಂಡವರು, ಅಲ್ಲಿ ಕಲಿತವರು, ನಡೆಸಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಶಾಲೆಯನ್ನು ನಡೆಸುವವರು ಯಾರು, ಕಲಾವಿದರೋ ಅಥವಾ ಕೀಲಿಕೈ ಗೊಂಚಲು ಹಿಡಿದವರೋ?

ಮೊದಲ ಸಾಲಿನ ಕೇಳುಗ

ಕಹಿ ಮಾತಾದರೂ ಹೇಳಿಬಿಡುತ್ತೇನೆ. ಹದಿನೆಂಟರ ಪಿಟೀಲು ವಿದ್ಯಾರ್ಥಿ ಅರ್ಜಿ ಹಾಕುವುದು ತನಗೆ ಯಾರು ಪಾಠ ಹೇಳುತ್ತಾರೆ ಎಂದು ನೋಡಿ. ಕೊಠಡಿಯ ವೇಳಾಪಟ್ಟಿ ಎಷ್ಟು ಚೆನ್ನಾಗಿದೆ ಎಂದು ನೋಡಿ ಅಲ್ಲ. ಹೆಸರಿಲ್ಲದ ಶಾಲೆಗೆ ಒಳ್ಳೆಯ ವಿದ್ಯಾರ್ಥಿಗಳು ಬರುವುದಿಲ್ಲ, ಒಳ್ಳೆಯ ವಿದ್ಯಾರ್ಥಿಗಳಿಲ್ಲದ ಕಡೆಗೆ ದಾನಿಗಳು ಬರುವುದಿಲ್ಲ, ದಾನಿಗಳಿಲ್ಲದಿದ್ದರೆ ನಿಮ್ಮ ಜೆರಾಕ್ಸ್ ಯಂತ್ರವೂ ಇರುವುದಿಲ್ಲ. ಮಂಡಳಿಯವರು ದಡ್ಡರಲ್ಲ.

ಚೆಲ್ಲೊ ಮೇಷ್ಟ್ರು

ಕೇಳುಗರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಉಳಿದರ್ಧವನ್ನು ಚರಿತ್ರೆಯೇ ಹೇಳುತ್ತದೆ. ಬೇಸಿಗೆ ಶಾಲೆ ಎಂದೊಡನೆ ಎಲ್ಲರೂ ಅಮೆರಿಕದ ಮ್ಯಾಸಚೂಸೆಟ್ಸ್‌ನ ಟ್ಯಾಂಗಲ್‌ವುಡ್‌ನತ್ತ ಬೆರಳು ತೋರಿಸುತ್ತಾರೆ, ಅದನ್ನು ಕಟ್ಟಿದವರು ಯಾರೆಂದರೆ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಕಂಡಕ್ಟರ್ (ವಾದ್ಯವೃಂದವನ್ನು ಮುನ್ನಡೆಸುವವರು) ಸರ್ಗೆ ಕುಸೆವಿಟ್ಸ್ಕಿ ಎನ್ನುತ್ತಾರೆ. 1940ರಲ್ಲಿ ಅಲ್ಲಿ ಶಾಲೆ ತೆರೆದವರು ಅವರೇ, ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಮುಂದೆ ಹೆಸರಾಂತ ಕಂಡಕ್ಟರ್ ಆದ ಲೆನರ್ಡ್ ಬರ್ನ್‌ಸ್ಟೈನ್ ಇದ್ದರು, ಎಲ್ಲವೂ ನಿಜ. ಆದರೆ ಕುಸೆವಿಟ್ಸ್ಕಿ ಆ ಗುಡ್ಡಗಾಡಿಗೆ ಬರುವ ಮೊದಲೇ, 1934ರಲ್ಲಿ, ಅಲ್ಲಿ ಬೇಸಿಗೆ ಸಂಗೀತ ಕಛೇರಿಗಳನ್ನು ಹುಟ್ಟುಹಾಕಿದವರು ಗರ್ಟ್ರೂಡ್ ರಾಬಿನ್ಸನ್ ಸ್ಮಿತ್ ಎಂಬ ಮಹಿಳೆ. ಅವರು ವೇದಿಕೆಯ ಕಲಾವಿದೆಯಲ್ಲ, ಸಂಘಟಕಿ.

1937ರ ಆಗಸ್ಟ್ 12ರಂದು ಡೇರೆಯೊಳಗೆ ವ್ಯಾಗ್ನರ್ ಕೃತಿಗಳ ಕಛೇರಿ ನಡೆಯುತ್ತಿದ್ದಾಗ ಗುಡುಗು ಮಳೆ ಸುರಿದು, ವಾದ್ಯಗಳ ಸದ್ದು ಯಾರಿಗೂ ಕೇಳದಂತಾಗಿ ಕಾರ್ಯಕ್ರಮ ನಿಂತಿತು. ಆಕೆ ವೇದಿಕೆ ಹತ್ತಿ, ನೆನೆದು ಕುಳಿತ ಸಭಿಕರನ್ನೇ ಶಾಶ್ವತ ಚಾವಣಿಗಾಗಿ ಹಣ ಕೇಳಿದರು. ಮರುವರ್ಷದ ಆಗಸ್ಟ್ 4ಕ್ಕೆ ಚಾವಣಿ ಎದ್ದು ನಿಂತಿತ್ತು. ಕಂಡಕ್ಟರ್ ಆಗಿದ್ದವರು ಮಳೆ ನಿಲ್ಲಲೆಂದು ಕಾಯುತ್ತಾರೆ. ನಡೆಸುವವರು ಮಳೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ.

ರಾತ್ರಿ ಪಾಳಿ

ಆ ಚಾವಣಿಯ ಕಥೆಗೆ ಒಂದು ಬಾಲವಿದೆ. ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ಅವರ ನಕ್ಷೆ ಖರ್ಚಿನ ಮಿತಿ ಮೀರಿತ್ತು. ನಿಮ್ಮ ಹಣಕ್ಕೆ ಬರುವುದು ಬರೀ ಒಂದು ಕೊಟ್ಟಿಗೆ, ಅದಕ್ಕೆ ವಾಸ್ತುಶಿಲ್ಪಿಯೇ ಬೇಕಾಗಿಲ್ಲ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಕೊನೆಗೆ ಸ್ಥಳೀಯ ಎಂಜಿನಿಯರ್ ಜೋಸೆಫ್ ಫ್ರಾಂಜ್ ಅದನ್ನು ಕಟ್ಟಿ ಮುಗಿಸಿದರು, ಹೆಸರು ಮಾತ್ರ ಇಂದಿಗೂ ಕೊಟ್ಟಿಗೆ ಎಂಬ ಅರ್ಥದ ‘ಶೆಡ್’ ಎಂದೇ ಉಳಿದಿದೆ. ಅದೇ ಸಾರಿನೆನ್ ಅವರ ಮಗ ಈರೋ, ಕೊಲರಾಡೊದ ಆಸ್ಪೆನ್‌ನಲ್ಲಿ 1949ರಲ್ಲಿ ನಡೆದ ಸಂಗೀತೋತ್ಸವಕ್ಕೆ ಡೇರೆ ವಿನ್ಯಾಸ ಮಾಡಿದರು. ಆಸ್ಪೆನ್ ಉತ್ಸವ ಹುಟ್ಟಿದ್ದೂ ವಾಲ್ಟರ್ ಪೇಪ್ಕಿ ಎಂಬ ಉದ್ಯಮಿ ಮತ್ತು ಅವರ ಪತ್ನಿ ಎಲಿಜಬೆತ್ ಅವರಿಂದ, ವಾದಕರಿಂದಲ್ಲ.

ಮೊದಲ ಸಾಲಿನ ಕೇಳುಗ

ಹಣ ಕೊಡುವ ಉದ್ಯಮಿ ಬೇರೆ, ದಿನನಿತ್ಯ ನಡೆಸುವ ವ್ಯವಸ್ಥಾಪಕಿ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸ್ವರಲಿಪಿ ಗ್ರಂಥಪಾಲಕಿ

ದಿನನಿತ್ಯ ಎಂದಿರಲ್ಲ, ಅದನ್ನೇ ಹೇಳುತ್ತೇನೆ. ಆರ್ಕೆಸ್ಟ್ರಾ ಇರುವ ಬೇಸಿಗೆ ಶಾಲೆಯಲ್ಲಿ ನಾನು ಮೂರು ವರ್ಷ ಸ್ವರಲಿಪಿಗಳ ಹೊಣೆ ಹೊತ್ತಿದ್ದೆ. ಹಕ್ಕುಸ್ವಾಮ್ಯ ಇನ್ನೂ ಉಳಿದಿರುವ ಎಷ್ಟೋ ಕೃತಿಗಳ ಆರ್ಕೆಸ್ಟ್ರಾ ಹಾಳೆಗಳನ್ನು ಕೊಳ್ಳಲು ಬರುವುದಿಲ್ಲ, ಪ್ರಕಾಶಕರಿಂದ ಬಾಡಿಗೆಗೆ ತರಿಸಬೇಕು. ಅವು ಬಂದ ಮೇಲೆ, ಮೊದಲ ಪಿಟೀಲಿನ ಮುಖ್ಯಸ್ಥರು ಕಮಾನು ಎಲ್ಲಿ ಕೆಳಗೆ ಎಳೆಯಬೇಕು, ಎಲ್ಲಿ ಮೇಲಕ್ಕೆ ಒಯ್ಯಬೇಕು ಎಂದು ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಡುತ್ತಾರೆ. ಅದನ್ನು ಉಳಿದ ಪ್ರತಿಯೊಂದು ಮೇಜಿನ (ಇಬ್ಬರು ವಾದಕರು ಹಂಚಿಕೊಳ್ಳುವ ಸ್ಟ್ಯಾಂಡಿಗೆ ಹಾಗೆನ್ನುತ್ತಾರೆ) ಹಾಳೆಗೂ ಪೆನ್ಸಿಲ್ಲಿನಲ್ಲಿ ನಕಲು ಮಾಡುವುದು ನನ್ನ ಕೆಲಸ. ಪೆನ್ನು ನಿಷಿದ್ಧ, ಏಕೆಂದರೆ ಕಛೇರಿ ಮುಗಿದ ಮೇಲೆ ಎಲ್ಲವನ್ನೂ ಅಳಿಸಿ ಹಿಂದಿರುಗಿಸಬೇಕು.

ಒಂದು ಬೇಸಿಗೆಯಲ್ಲಿ ಅತಿಥಿ ಕಂಡಕ್ಟರ್ ಒಬ್ಬರು ತಾಲೀಮಿನ ಹಿಂದಿನ ರಾತ್ರಿ ಬಂದಿಳಿದು, ಕೃತಿಯ ಒಂದಿಡೀ ಭಾಗದ ಕಮಾನು ಗುರುತುಗಳನ್ನು ಬದಲಿಸಬೇಕೆಂದರು. ನಾನೂ ವ್ಯವಸ್ಥಾಪಕರೂ ನಸುಕಿನ ಮೂರರವರೆಗೆ ಊಟದ ಕೋಣೆಯ ಮೇಜುಗಳ ಮೇಲೆ ಹಾಳೆಗಳನ್ನು ಹರಡಿಕೊಂಡು ಅಳಿಸುತ್ತ ಬರೆಯುತ್ತ ಕುಳಿತೆವು. ಬೆಳಿಗ್ಗೆ ನೋಡಿದರೆ ನನ್ನ ಅಂಗೈಯ ಬದಿ ಪೂರ್ತಿ ಸೀಸದ ಬಣ್ಣಕ್ಕೆ ತಿರುಗಿತ್ತು. ಕಂಡಕ್ಟರ್ ತಾಲೀಮಿನ ಕೊನೆಯಲ್ಲಿ “ತಂತಿವಾದ್ಯಗಳವರು ಎಷ್ಟು ಬೇಗ ಹೊಂದಿಕೊಂಡರು!” ಎಂದು ಹೊಗಳಿದರು. ವಾದಕರು ಹೊಂದಿಕೊಂಡಿದ್ದು ನಿಜ. ಹೊಂದಿಕೊಳ್ಳಲು ಅವರ ಮುಂದೆ ಒಂದು ಹಾಳೆ ಇದ್ದುದರಿಂದ.

ಲೆಕ್ಕಪತ್ರದವರು

ನಾನು ಇಂಥದೇ ಒಂದು ಮಂಡಳಿಯಲ್ಲಿ ಖಜಾಂಚಿಯಾಗಿದ್ದವನು, ಆದ್ದರಿಂದ ಆ ಬದಿಯ ಮಾತನ್ನೂ ಯಾರಾದರೂ ಆಡಬೇಕು. ಆರು ವಾರದ ಶಾಲೆಗೆ ಹನ್ನೆರಡು ತಿಂಗಳ ಸಂಬಳ ಏಕೆ ಎಂಬ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ, ಮತ್ತು ಅದಕ್ಕೆ ಉತ್ತರ ಕೊಡುವ ಹೊಣೆ ವ್ಯವಸ್ಥಾಪಕರದೇ. ಹೆಚ್ಚಿನವರು ತಮ್ಮ ಕೆಲಸವನ್ನು ಬರೆದಿಡುವುದಿಲ್ಲ, ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಮಂಡಳಿಗೆ ಕಾಣುವುದು ಸಂಬಳದ ಒಂದು ಸಾಲು ಮಾತ್ರ. ಕಾಣದ ಕೆಲಸವನ್ನು ಹೊಗಳುತ್ತ ಕುಳಿತರೆ ಪ್ರಯೋಜನವಿಲ್ಲ, ಕಾಣುವಂತೆ ಮಾಡಬೇಕು.

ಸ್ವರಲಿಪಿ ಗ್ರಂಥಪಾಲಕಿ

ಚಳಿಗಾಲದಲ್ಲಿ ಏನು ಮಾಡುತ್ತಾರೆಂದು ಕೇಳುತ್ತೀರಾ? ಅರ್ಜಿಗಳ ಧ್ವನಿಮುದ್ರಿಕೆಗಳು, ಆಯ್ಕೆ ಸಮಿತಿ, ವಿದ್ಯಾರ್ಥಿವೇತನ, ವೀಸಾ ಪತ್ರ, ಬೋಧಕರ ಕರಾರು, ಪಿಯಾನೊಗಳ ಬಾಡಿಗೆ, ವಿಮೆ, ವಸತಿ. ಬೇಸಿಗೆಯ ಆರು ವಾರ ಕಟಾವು, ಉಳಿದದ್ದೆಲ್ಲ ಉಳುಮೆ.

ಹಳೆಯ ವಿದ್ಯಾರ್ಥಿನಿ, ವಿಯೋಲಾ

ನನಗೆ ಹದಿನೇಳು ವರ್ಷವಾಗಿದ್ದಾಗ ಹೋದ ಶಾಲೆಯ ಕಲಾ ನಿರ್ದೇಶಕರ ಹೆಸರು ನನಗೆ ಇನ್ನೂ ನೆನಪಿದೆ, ಏಕೆಂದರೆ ಪ್ರಮಾಣಪತ್ರದಲ್ಲಿ ಅದಿದೆ. ಅವರು ನನಗೆ ಒಂದೇ ಒಂದು ತರಗತಿ ತೆಗೆದುಕೊಂಡರು, ಅದೂ ನಲವತ್ತು ಜನರ ಎದುರಿನಲ್ಲಿ.

ಆದರೆ ಎರಡನೆಯ ವಾರ ನಮ್ಮ ಕ್ವಾರ್ಟೆಟ್, ಅಂದರೆ ನಾಲ್ವರ ವಾದ್ಯತಂಡ, ಒಡೆಯುವ ಹಂತಕ್ಕೆ ಬಂದಿತ್ತು. ಮೊದಲ ಪಿಟೀಲಿನವನು ಮತ್ತು ಚೆಲ್ಲೊದವಳು ಮಾತು ಬಿಟ್ಟಿದ್ದರು. ನಾವಿಬ್ಬರು ನಡುವಿನವರು ಒಬ್ಬರ ಸಂದೇಶವನ್ನು ಇನ್ನೊಬ್ಬರಿಗೆ ತಲುಪಿಸುತ್ತ ಬ್ರಾಮ್ಸ್ ಅವರ ಕೃತಿಯೊಂದನ್ನು ನುಡಿಸುತ್ತಿದ್ದೆವು. ಅಲ್ಲಿನ ವ್ಯವಸ್ಥಾಪಕಿ ಏನನ್ನೂ ಕೇಳಲಿಲ್ಲ, ಯಾರನ್ನೂ ಕರೆದು ಬುದ್ಧಿ ಹೇಳಲಿಲ್ಲ. ಮರುದಿನ ಫಲಕದಲ್ಲಿ ನಮ್ಮ ತಾಲೀಮು ದೊಡ್ಡ ಕೊಠಡಿಯಿಂದ ಅತ್ಯಂತ ಚಿಕ್ಕ ಕೊಠಡಿಗೆ, ಊಟದ ಮುಂಚಿನ ಹೊತ್ತಿಗೆ ಬದಲಾಗಿತ್ತು. ಆ ಕೊಠಡಿಯಲ್ಲಿ ನಾಲ್ಕು ಸ್ಟ್ಯಾಂಡು ಇಟ್ಟರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು; ಮುಖ ತಿರುಗಿಸಿಕೊಂಡು ಕುಳಿತುಕೊಳ್ಳಲು ಜಾಗವೇ ಇರಲಿಲ್ಲ. ಮೂರು ದಿನಗಳಲ್ಲಿ ಅವರಿಬ್ಬರೂ ಪುಟ ತಿರುಗಿಸುವ ವಿಷಯಕ್ಕೆ ಜಗಳವಾಡಿದರು, ಅಂದರೆ ಮಾತು ಶುರುವಾಯಿತು. ಅದು ಆಕಸ್ಮಿಕ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ.

ಚೆಲ್ಲೊ ಮೇಷ್ಟ್ರು

ಆಕಸ್ಮಿಕ ಖಂಡಿತ ಅಲ್ಲ. ಯಾರನ್ನು ಯಾರೊಡನೆ ಕೂರಿಸಬೇಕು ಎಂಬುದು ಬೇಸಿಗೆ ಶಾಲೆಯ ಅರ್ಧ ವಿದ್ಯೆ.

ಪಿಯಾನೊದವ

ಇಲ್ಲಿ ಎಲ್ಲರೂ ವ್ಯವಸ್ಥಾಪಕರಿಗೆ ಆರತಿ ಎತ್ತುತ್ತಿದ್ದೀರಿ, ಹಾಗಾಗಿ ನಾನು ಎದುರು ಸಾಕ್ಷಿ ತರುತ್ತೇನೆ. ಅಮೆರಿಕದ ವರ್ಮಾಂಟ್‌ನ ಮಾರ್ಲ್‌ಬರೊ ಬೇಸಿಗೆ ಸಂಗೀತ ಶಾಲೆಯನ್ನು 1951ರಲ್ಲಿ ಕಟ್ಟಿದವರೆಲ್ಲ ಸಂಗೀತಗಾರರೇ: ಪಿಯಾನೊ ವಾದಕ ರುಡಾಲ್ಫ್ ಸರ್ಕಿನ್, ಬುಷ್ ಸಹೋದರರು, ಮೊಯಿಸ್ ಕುಟುಂಬ. ಸರ್ಕಿನ್ 1991ರಲ್ಲಿ ತೀರಿಕೊಳ್ಳುವವರೆಗೂ ಅದರ ಜೀವಾಳವಾಗಿದ್ದರು. ಅಲ್ಲಿ ಹಿರಿಯರು ಪಾಠ ಹೇಳುವುದಿಲ್ಲ. ಕಿರಿಯರೊಡನೆ ಒಂದೇ ಗುಂಪಿನಲ್ಲಿ ಕುಳಿತು ನುಡಿಸುತ್ತಾರೆ. ತಾಲೀಮು ಮಾಡಿದ ಕೃತಿಗಳಲ್ಲಿ ಬಹುಪಾಲು ವೇದಿಕೆಗೆ ಬರುವುದೇ ಇಲ್ಲ, ಏಕೆಂದರೆ ಕಛೇರಿಗಾಗಿ ಕಲಿಯುವುದು ಅಲ್ಲಿನ ಉದ್ದೇಶವಲ್ಲ. ಗ್ವಾರ್ನೆರಿ ಕ್ವಾರ್ಟೆಟ್ 1964ರಲ್ಲಿ ರೂಪುಗೊಂಡಿದ್ದು ಆ ವಾತಾವರಣದಲ್ಲೇ. ಇಂತಹ ಕ್ರಮವನ್ನು ಯಾವ ವ್ಯವಸ್ಥಾಪಕರೂ ಯೋಚಿಸುತ್ತಿರಲಿಲ್ಲ. ಟಿಕೆಟ್ ಮಾರುವವರಿಗೆ ಅದು ಹುಚ್ಚುತನ. ದಾರಿ ಕಾಣುವವರು ಕಲಾವಿದರೇ ಆಗಿರಬೇಕು.

ಸ್ವರಲಿಪಿ ಗ್ರಂಥಪಾಲಕಿ

ಮಾರ್ಲ್‌ಬರೊದ ಹೆಸರೆತ್ತಿದ ಮೇಲೆ ಆಂತನಿ ಚೆಕಿಯಾ ಮತ್ತು ಫ್ರ್ಯಾಂಕ್ ಸಾಲೊಮನ್ ಅವರನ್ನು ಬಿಟ್ಟು ಹೇಗೆ ಮುಂದೆ ಹೋಗುತ್ತೀರಿ? ದಶಕಗಳ ಕಾಲ ಅದರ ಆಡಳಿತ ನೋಡಿಕೊಂಡವರು ಅವರಿಬ್ಬರು. ಚೆಕಿಯಾ ಸ್ವತಃ ಬಸೂನ್ ಎಂಬ ಊದುವಾದ್ಯದ ವಾದಕರಾಗಿದ್ದವರು. ಸರ್ಕಿನ್ ಬಯಸಿದಂತೆ ಕಾರ್ಯಕ್ರಮಪಟ್ಟಿಯನ್ನು ಕೊನೆಯ ಗಳಿಗೆಯವರೆಗೆ ತೆರೆದಿಟ್ಟು, ಏನು ನುಡಿಸುತ್ತಾರೆಂದು ಗೊತ್ತಿಲ್ಲದೆಯೇ ಜನ ಟಿಕೆಟ್ ಕೊಳ್ಳುವಂತೆ ಮಾಡಲು ಎಂತಹ ಆಡಳಿತ ಬೇಕು, ಯೋಚಿಸಿ.

ಪಿಯಾನೊದವ

ಆ ಮಾತನ್ನು ಒಪ್ಪುತ್ತೇನೆ. ಆದರೆ ಆ ಹುಚ್ಚುತನ ಮೊದಲು ಸರ್ಕಿನ್ ಅವರದು.

ರಾತ್ರಿ ಪಾಳಿ

ಪಿಯಾನೊದವರೇ, ಕಲಾವಿದರಲ್ಲದವರಿಗೆ ದಾರಿ ಕಾಣುವುದಿಲ್ಲ ಎನ್ನುವುದಾದರೆ ಡಾರ್ಮ್‌ಸ್ಟಾಟ್‌ಗೆ ಏನು ಹೇಳುತ್ತೀರಿ? 1946ರಲ್ಲಿ, ಯುದ್ಧದಲ್ಲಿ ಸುಟ್ಟುಹೋದ ಆ ಜರ್ಮನ್ ನಗರದಲ್ಲಿ ಹೊಸ ಸಂಗೀತದ ಬೇಸಿಗೆ ಶಿಬಿರವನ್ನು ಶುರುಮಾಡಿದವರು ನಗರಾಡಳಿತದ ಸಂಸ್ಕೃತಿ ಅಧಿಕಾರಿ ವೋಲ್ಫ್‌ಗಾಂಗ್ ಸ್ಟೈನೆಕೆ. ಬೂಲೆಜ್, ನೊನೊ, ಸ್ಟಾಕ್‌ಹೌಸೆನ್‌ರಂಥ ಹೊಸ ಸಂಗೀತದ ರಚನಕಾರರು ಒಂದೆಡೆ ಸೇರಿದ್ದು ಒಬ್ಬ ಸರ್ಕಾರಿ ನೌಕರರ ದೆಸೆಯಿಂದ. ಸ್ವಿಟ್ಜರ್ಲೆಂಡಿನ ವೆರ್ಬಿಯೆ ಉತ್ಸವವನ್ನು 1994ರಲ್ಲಿ ಆರಂಭಿಸಿದ ಮಾರ್ಟಿನ್ ಎಂಗ್‌ಸ್ಟ್ರೋಮ್ ಅವರೂ ಕಲಾವಿದರ ಏಜೆಂಟ್ ಆಗಿದ್ದವರೇ ಹೊರತು ವೇದಿಕೆಯ ವಾದಕರಲ್ಲ.

ಪಿಯಾನೊದವ

ಸ್ಟೈನೆಕೆ ಬರೀ ಸರ್ಕಾರಿ ನೌಕರರಲ್ಲ, ಸಂಗೀತಶಾಸ್ತ್ರ ಓದಿ ವಿಮರ್ಶೆ ಬರೆಯುತ್ತಿದ್ದವರು. ಕಿವಿ ಇದ್ದ ಅಧಿಕಾರಿ ಎನ್ನಿ, ಸರಿಯಾಗುತ್ತದೆ.

ರಾತ್ರಿ ಪಾಳಿ

ತಿದ್ದಿದ್ದಕ್ಕೆ ಧನ್ಯವಾದ. ಕಿವಿ ಇದ್ದ ಅಧಿಕಾರಿ ಎಂಬುದೇ ನನ್ನ ವಾದಕ್ಕೆ ಇನ್ನೂ ಹೆಚ್ಚು ಬಲ ಕೊಡುತ್ತದೆ.

ಮಗಳನ್ನು ಕಳುಹಿಸಿದ ತಾಯಿ

ನಾನು ಸಂಗೀತಗಾರಳಲ್ಲ. ನನ್ನ ಹದಿನಾಲ್ಕು ವರ್ಷದ ಮಗಳನ್ನು ನಾಲ್ಕು ವಾರ ಅಪರಿಚಿತರ ನಡುವೆ ಬಿಟ್ಟು ಬಂದಾಗ, ಅವಳು ಜ್ವರ ಬಂದು ಮಲಗಿದರೆ ಫೋನು ಎತ್ತುವವರು ಯಾರು ಎಂಬುದೊಂದೇ ನನಗೆ ಬೇಕಾಗಿತ್ತು. ಕರಪತ್ರದ ಮುಖಪುಟದಲ್ಲಿದ್ದ ಮಹನೀಯರು ಎತ್ತುತ್ತಿರಲಿಲ್ಲ ಎಂದು ಭಾವಿಸುತ್ತೇನೆ. ಇದರ ಬಗ್ಗೆ ಇಲ್ಲಿಯವರೆಗೆ ಯಾರೂ ಒಂದು ಮಾತನ್ನೂ ಆಡಲಿಲ್ಲವಲ್ಲ.

ಚೆಲ್ಲೊ ಮೇಷ್ಟ್ರು

ಅಮ್ಮಾ, ಅದು ನಮ್ಮ ತಪ್ಪೇ. ಅಪ್ರಾಪ್ತ ವಯಸ್ಸಿನ ಮಕ್ಕಳು, ಏಕಾಂತದಲ್ಲಿ ನಡೆಯುವ ಪಾಠಗಳು, ಗುರುವಿನ ಮಾತಿಗೆ ಎದುರಾಡದ ಸಂಪ್ರದಾಯ, ಈ ಮೂರೂ ಒಂದೇ ಕಡೆ ಸೇರುವ ಜಾಗ ಇದು. ಬಾಗಿಲಿಗೆ ಗಾಜು ಇರಬೇಕು, ದೂರು ಕೇಳುವವರು ಪಾಠ ಹೇಳುವವರಾಗಿರಬಾರದು. ಕಲಾ ನಿರ್ದೇಶಕರ ಮೇಲೆಯೇ ದೂರು ಬಂದರೆ ಅದನ್ನು ಕೇಳಿಸಿಕೊಳ್ಳುವ ಬೇರೆಯ ವ್ಯಕ್ತಿಯೊಬ್ಬರು ಇರಲೇಬೇಕು. ಸಹಾಯಕಿಯವರೇ, ನಿಮ್ಮ ಪತ್ರದಲ್ಲಿ ಈ ಒಂದು ಅಂಶ ಬಂದರೆ ಉಳಿದ ಇತಿಹಾಸ ಯಾವುದೂ ಬೇಡ.

ಮೊದಲ ಸಾಲಿನ ಕೇಳುಗ

ಈ ಮಾತಿಗೆ ನನ್ನ ಬಳಿ ಎದುರುತ್ತರವಿಲ್ಲ.

ಲೆಕ್ಕಪತ್ರದವರು

ನನ್ನ ಬಳಿಯೂ ಇಲ್ಲ. ಮಂಡಳಿಗಳು ಅತಿ ಹೆಚ್ಚು ಹೆದರುವುದೂ ಇದಕ್ಕೇ. ಪತ್ರದ ಮೊದಲ ಪ್ಯಾರಾದಲ್ಲೇ ಹಾಕಿ.

ಬೇಸಿಗೆ ಬೋಧಕ

ತಡವಾಗಿ ಬಂದೆ, ಕ್ಷಮಿಸಿ. ಕಲಾವಿದರೋ ವ್ಯವಸ್ಥಾಪಕರೋ ಎಂಬ ಪ್ರಶ್ನೆಯೇ ತಪ್ಪು ಎಂದು ನನಗನ್ನಿಸುತ್ತದೆ. ಇಂಗ್ಲೆಂಡಿನ ಡಾರ್ಟಿಂಗ್ಟನ್ ಬೇಸಿಗೆ ಶಾಲೆಯನ್ನು ನೋಡಿ. ಸಂಗೀತ ವಿಮರ್ಶಕ ವಿಲಿಯಂ ಗ್ಲಾಕ್ 1948ರಲ್ಲಿ ಬ್ರಯನ್‌ಸ್ಟನ್ ಎಂಬಲ್ಲಿ ಆರಂಭಿಸಿ, 1953ರಲ್ಲಿ ಡಾರ್ಟಿಂಗ್ಟನ್‌ಗೆ ತಂದರು. ಹವ್ಯಾಸಿಗಳೂ ವೃತ್ತಿಪರರೂ ಒಂದೇ ಸೂರಿನಡಿ ಇರಬೇಕು ಎಂಬ ಕಲ್ಪನೆ ಗ್ಲಾಕ್ ಅವರದು; ಅಷ್ಟು ಜನರ ವಸತಿ, ತರಗತಿ, ಜಗಳ, ಖುಷಿ ಎಲ್ಲವನ್ನೂ ಮೂರು ದಶಕಕ್ಕೂ ಹೆಚ್ಚು ಕಾಲ ಹೊತ್ತವರು ಜಾನ್ ಏಮಿಸ್. ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ.

ಜೋಡಿ ಒಡೆದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1990ರ ದಶಕದ ಮಧ್ಯದಲ್ಲಿ ಟ್ಯಾಂಗಲ್‌ವುಡ್‌ನ ಶಾಲೆಯನ್ನು ಹೇಗೆ ನಡೆಸಬೇಕೆಂಬ ವಿಷಯದಲ್ಲಿ ಬಾಸ್ಟನ್ ಸಿಂಫನಿಯ ಸಂಗೀತ ನಿರ್ದೇಶಕ ಸೇಜಿ ಒಜಾವಾ ಮತ್ತು ಶಾಲೆಯ ಕಲಾ ನಿರ್ದೇಶಕ, ಪಿಯಾನೊ ವಾದಕ ಲಿಯಾನ್ ಫ್ಲೈಶರ್ ನಡುವೆ ಬಿರುಕು ಮೂಡಿ, 1997ರಲ್ಲಿ ಫ್ಲೈಶರ್ ಹೊರನಡೆದರು. ಇಬ್ಬರೂ ದೊಡ್ಡವರೇ, ಇಬ್ಬರಿಗೂ ಕಿವಿ ಇತ್ತು. ತಾರೆಗಳ ಕೊರತೆಯಿಂದ ಆದ ಬಿಕ್ಕಟ್ಟಲ್ಲ ಅದು.

ಹಾಗಾಗಿ ನಾನು ಕೇಳುವ ಪ್ರಶ್ನೆ ಇಷ್ಟೇ: ಅಲ್ಲಿ ಉಳಿಯುವವರು ಯಾರು? ಸರ್ಕಿನ್ ತಾರೆಯೇ ಆಗಿದ್ದರು, ಆದರೆ ಬೇಸಿಗೆಯುದ್ದಕ್ಕೂ ಅಲ್ಲೇ ಇರುತ್ತಿದ್ದರು, ಎಲ್ಲರೊಡನೆ ಒಂದೇ ಕೋಣೆಯಲ್ಲಿ ಊಟ ಮಾಡುತ್ತಿದ್ದರು. ಮಿಷಿಗನ್‌ನ ಇಂಟರ್ಲೋಕನ್‌ನಲ್ಲಿ 1928ರಲ್ಲಿ ಮಕ್ಕಳ ಶಿಬಿರ ತೆರೆದ ಜೋಸೆಫ್ ಮ್ಯಾಡಿ ಕಂಡಕ್ಟರ್ ಆಗಿಯೂ ಇದ್ದರು, ಸಾಲಗಾರರನ್ನು ಎದುರಿಸುವವರಾಗಿಯೂ ಇದ್ದರು. 1942ರಲ್ಲಿ ವಾದಕರ ಒಕ್ಕೂಟದ ಮುಖ್ಯಸ್ಥ ಪೆಟ್ರಿಲ್ಲೊ ಮಕ್ಕಳ ರೇಡಿಯೊ ಪ್ರಸಾರವನ್ನೇ ನಿಲ್ಲಿಸಿದಾಗ ಎದುರು ನಿಂತವರೂ ಅವರೇ. ಇವರನ್ನು ಕಲಾವಿದರೆನ್ನುತ್ತೀರೋ ವ್ಯವಸ್ಥಾಪಕರೆನ್ನುತ್ತೀರೋ? ಹತ್ತು ದಿನಕ್ಕೆ ಬಂದು ಹೋಗುವವರನ್ನು ಮಾತ್ರ ಅತಿಥಿ ಎನ್ನಬೇಕು, ಅವರು ಎಷ್ಟೇ ದೊಡ್ಡವರಾಗಿರಲಿ.

ಮೊದಲ ಸಾಲಿನ ಕೇಳುಗ

ಹಾಗಾದರೆ ಜಪಾನಿನ ಸಪೊರೊದ ಪೆಸಿಫಿಕ್ ಸಂಗೀತೋತ್ಸವ? ಬರ್ನ್‌ಸ್ಟೈನ್ 1990ರ ಬೇಸಿಗೆಯಲ್ಲಿ ಅದನ್ನು ಆರಂಭಿಸಿ, ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಒಂದೇ ಬೇಸಿಗೆ ಇದ್ದ ಅತಿಥಿಯ ಹೆಸರಿನ ಬಲದಿಂದ ಅದು ಇಂದಿಗೂ ನಡೆಯುತ್ತಿದೆ.

ಬೇಸಿಗೆ ಬೋಧಕ

ಹೆಸರಿನ ಬಲದಿಂದ ಆರಂಭವಾಯಿತು ಎನ್ನಿ. ಎರಡನೆಯ ಬೇಸಿಗೆಗೆ ಬರ್ನ್‌ಸ್ಟೈನ್ ಇರಲಿಲ್ಲ, ಆದರೂ ಬಾಗಿಲು ತೆರೆಯಿತು. ತೆರೆದವರ ಕೈ ಯಾವುದು?

ಹಳೆಯ ವಿದ್ಯಾರ್ಥಿನಿ, ವಿಯೋಲಾ

ಇದಕ್ಕೆ ಸೇರಿಸುವ ಒಂದು ಹೆಸರಿದೆ, ಟೋಬಿ ಪರ್ಲ್‌ಮನ್. ಗಂಡ ಇಟ್ಜಾಕ್ ಪರ್ಲ್‌ಮನ್ ಜಗತ್ಪ್ರಸಿದ್ಧ ಪಿಟೀಲು ವಾದಕರಾದರೂ, ಅವರ ಹೆಸರಿನ ಬೇಸಿಗೆ ಶಾಲೆಯನ್ನು ಹುಟ್ಟುಹಾಕಿದವರು ಆಕೆ. ಆಕೆಯೂ ಪಿಟೀಲು ಕಲಿತವರೇ. ಇವಾನ್ ಗಲಾಮಿಯನ್ 1944ರಲ್ಲಿ ತೆರೆದ ಮೆಡೋಮೌಂಟ್ ಎಂಬ ಶಿಸ್ತಿನ ಶಾಲೆಯಲ್ಲಿ ಬೇಸಿಗೆ ಕಳೆದ ಆಕೆ, ತಾವು ಕಟ್ಟಿದ ಶಾಲೆಯಲ್ಲಿ ಮಕ್ಕಳೆಲ್ಲರೂ ವಾದ್ಯ ಬದಿಗಿಟ್ಟು ಒಟ್ಟಾಗಿ ಹಾಡಲೇಬೇಕು ಎಂಬ ನಿಯಮ ಮಾಡಿದರು. ಗಾಯನವೃಂದದಲ್ಲಿ ಮೊದಲ ಮೇಜು, ಕೊನೆಯ ಮೇಜು ಎಂಬುದಿಲ್ಲವಲ್ಲ. ಇದನ್ನು ಯೋಚಿಸಲು, ಎಂದಾದರೂ ಕೊನೆಯ ಮೇಜಿನಲ್ಲಿ ಕುಳಿತವರ ಮನಸ್ಸು ಗೊತ್ತಿರಬೇಕು.

ಪಿಯಾನೊದವ

ಇದು ನನಗೆ ತಿಳಿದಿರಲಿಲ್ಲ. ಹಿಂದೆ ಬರೆದದ್ದನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಸ್ವಲ್ಪ ಸಡಿಲಿಸುತ್ತೇನೆ.

ಕಚೇರಿ ಸಹಾಯಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಉತ್ತರಿಸಲು ಆಗಲಿಲ್ಲ, ಆದರೆ ಎಲ್ಲವನ್ನೂ ಓದಿದೆ. ಪತ್ರವನ್ನು ಹರಿದು ಮತ್ತೆ ಬರೆದಿದ್ದೇನೆ. ಹೆಸರಾಂತ ವಾದಕರು ಬೇಡ ಎಂಬ ಮಾತನ್ನು ಕೈಬಿಟ್ಟೆ, ಏಕೆಂದರೆ ಕೇಳುಗರು ಹೇಳಿದಂತೆ ವಿದ್ಯಾರ್ಥಿಗಳು ಬರುವುದು ಅವರನ್ನು ನೋಡಿಯೇ. ಅದರ ಬದಲು ಮೂರು ಮಾತು ಬರೆದೆ: ದೂರು ಕೇಳಲು ಪಾಠ ಹೇಳದವರೊಬ್ಬರು ಆರೂ ವಾರ ಸ್ಥಳದಲ್ಲಿರಬೇಕು, ಕಲಾ ನಿರ್ದೇಶಕರಾಗುವವರು ಕನಿಷ್ಠ ಅರ್ಧ ಬೇಸಿಗೆ ಇರಬೇಕು, ಅದಾಗದಿದ್ದರೆ ಅವರನ್ನು ಅತಿಥಿ ಬೋಧಕರೆಂದೇ ಕರೆಯಬೇಕು, ವ್ಯವಸ್ಥಾಪಕರ ಹುದ್ದೆಯನ್ನು ತೆಗೆಯುವ ಮೊದಲು ಆ ಕೆಲಸವೇನೆಂದು ಮಂಡಳಿ ಒಮ್ಮೆ ಓದಬೇಕು.

ಹೆಚ್ಚಿನವರು ತಮ್ಮ ಕೆಲಸವನ್ನು ಬರೆದಿಡುವುದಿಲ್ಲ ಎಂದು ಲೆಕ್ಕಪತ್ರದವರು ಹೇಳಿದ್ದು ಮನಸ್ಸಿನಲ್ಲಿ ಉಳಿದು, ನಿನ್ನೆ ವ್ಯವಸ್ಥಾಪಕಿಯವರನ್ನೇ ಹೋಗಿ ಕೇಳಿದೆ. ಅವರು ಕಪಾಟಿನಿಂದ ರಬ್ಬರ್ ಬ್ಯಾಂಡ್ ಕಟ್ಟಿದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಅದರ ಕೆಲವು ಸಾಲುಗಳನ್ನು ಇದ್ದಂತೆಯೇ ಬರೆಯುತ್ತಿದ್ದೇನೆ.

“ಹದಿನಾಲ್ಕನೆಯ ಕೊಠಡಿ: ಸಂಜೆ ನಾಲ್ಕರ ನಂತರ ಚೆಲ್ಲೊಗೆ ಕೊಡಬಾರದು, ಬಿಸಿಲು ನೇರ ವಾದ್ಯದ ಮೇಲೆ ಬೀಳುತ್ತದೆ. ಪಿಯಾನೊ ಶ್ರುತಿ ಮಾಡುವವರು ಬೆಳಿಗ್ಗೆ ಆರಕ್ಕೆ ಬರುತ್ತಾರೆ, ಆ ಹೊತ್ತಿಗೆ ಕಸ ಗುಡಿಸುವ ಯಂತ್ರ ಬೇಡ, ಅವರಿಗೆ ಮೌನ ಬೇಕು. ಮೂರನೆಯ ವಾರದ ಬುಧವಾರ ಏನೂ ಇಡಬಾರದು. ಅಂದು ಮಕ್ಕಳು ಅಳುತ್ತಾರೆ, ಏಕೆಂದು ಇಂದಿಗೂ ಗೊತ್ತಾಗಿಲ್ಲ. ಮನೆಯಿಂದ ಫೋನು ಬಾರದ ಮಕ್ಕಳ ಪಟ್ಟಿ ಕೊನೆಯ ಪುಟದಲ್ಲಿ, ಪ್ರತಿ ವರ್ಷ ಹೊಸದಾಗಿ ಬರೆಯುವುದು.”

ಲೆಕ್ಕಪತ್ರದವರು

ಕೊನೆಯ ಪುಟವನ್ನು ಬಿಟ್ಟು ಉಳಿದದ್ದನ್ನು ಪತ್ರಕ್ಕೆ ಲಗತ್ತಿಸಿ. ಅದರಲ್ಲಿ ಮಕ್ಕಳ ಹೆಸರುಗಳಿರುತ್ತವೆ.

ಕಚೇರಿ ಸಹಾಯಕಿ (ಚರ್ಚೆ ಆರಂಭಿಸಿದವರು)

ಅವರೂ ಅದನ್ನೇ ಹೇಳಿದರು, ಆ ಪುಟವನ್ನು ತಾವೇ ಕತ್ತರಿಸಿ ಇಟ್ಟುಕೊಂಡರು. ಉಳಿದ ಅರವತ್ತೆಂಟು ಪುಟಗಳನ್ನು ಜೆರಾಕ್ಸ್ ಮಾಡುತ್ತಿದ್ದೇನೆ; ಯಂತ್ರ ಈವರೆಗೆ ಎರಡು ಬಾರಿ ಮಾತ್ರ ಕಚ್ಚಿಕೊಂಡಿದೆ. ಸಭೆ ಗುರುವಾರ.